ಬೊಮ್ಮಿಯ ಮೂರನೇ ಕಣ್ಣು

ಬೊಮ್ಮಿಗೆ ಕಣ್ಣು ಎರಡೇ, ಎಲ್ಲರಿಗೂ ಇರುವಷ್ಟೇ. ಇದನ್ನು ಕಾರವಾರದ ಒಂದು ಕಚೇರಿಗೆ ಮನವರಿಕೆ ಮಾಡಿಕೊಡಲು ನಾನು ನಾಲ್ಕು ತಿಂಗಳು ಓಡಾಡಿದೆ. ಆಗಲಿಲ್ಲ. ಕೊನೆಗೆ ಸಿಟ್ಟು ನೆತ್ತಿಗೇರಿ ಅವಳಿಗೆ ಮೂರು ಕಣ್ಣು ಎಂದು ಬರೆದು ಕಳಿಸಿದೆ. ಎಂಟೇ ದಿನಕ್ಕೆ ಮಂಜೂರಾಗಿ ಬಂತು.

ನಾನು ವೈಜಯಂತಿ. ಮನೆ ಬೊಬ್ರುವಾಡದಲ್ಲಿ, ಕೆಲಸ ಆಶಾ ಕಾರ್ಯಕರ್ತೆಯದು, ಹದಿನಾರು ವರ್ಷದಿಂದ. ಗುಲಾಬಿ ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿ, ಯಾರ ಮನೆಯಲ್ಲಿ ಬಸುರಿ, ಯಾರ ಮನೆಯಲ್ಲಿ ಕೆಮ್ಮು ಎಂದು ಕೇಳುತ್ತ ತಿರುಗುವವಳು. ನನ್ನ ಪಾಲಿಗೆ ಬಂದ ಮನೆಗಳಲ್ಲಿ ಬಾಳೆಗುಳಿ ಕ್ರಾಸಿನ ಆಚೆಗಿರುವ ಕೊಪ್ಪವೂ ಸೇರಿದೆ. ಗೌಡರ ಮೂವತ್ತು ಮನೆ ಒತ್ತಾಗಿ ಕೂತ ಕೇರಿ ಅದು. ಮೂವತ್ತು ಮನೆ, ಎರಡು ಬಾವಿ, ಮೂವರು ಬೊಮ್ಮಿಯರು.

ಮೂವರೂ ಬೊಮ್ಮಿಯರಾದದ್ದು ಆಕಸ್ಮಿಕವಲ್ಲ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ಪದ್ಧತಿ ಅವರಲ್ಲಿ. ಒಬ್ಬಳೇ ಬೊಮ್ಮಜ್ಜಿಗೆ ಮೂವರು ಮಕ್ಕಳು, ಮೂವರಿಗೂ ಒಂದೊಂದು ಹೆಣ್ಣು ಹುಟ್ಟಿತು, ಯಾರೂ ಅಜ್ಜಿಯ ಹೆಸರು ಬಿಟ್ಟುಕೊಡಲಿಲ್ಲ. ಆಮೇಲೆ ಮೂವರನ್ನೂ ಒಂದೇ ಕೊಪ್ಪಕ್ಕೆ ಕೊಟ್ಟರು, ಅದೂ ರಾಮಾ ಎಂಬ ಹೆಸರಿನ ಮೂವರಿಗೆ. ದೇವರಿಗೆ ಆ ದಿನ ಬೇರೆ ಕೆಲಸ ಇರಲಿಲ್ಲವೆಂದು ಕಾಣುತ್ತದೆ. ಇನ್ನು ಹುಟ್ಟಿದ ತಾರೀಖು. ನಮ್ಮ ಕಡೆ ಅರವತ್ತು ದಾಟಿದವರೆಲ್ಲ ಜನವರಿ ಒಂದಕ್ಕೇ ಹುಟ್ಟಿದವರು, ಏಕೆಂದರೆ ಕಾರ್ಡು ಮಾಡಲು ಬಂದವನಿಗೆ ಬೇರೆ ತಾರೀಖು ಬರೆಯುವಷ್ಟು ಪುರುಸೊತ್ತಿರಲಿಲ್ಲ. ಹೀಗೆ ಬೊಮ್ಮಿ ರಾಮಾ ಗೌಡ, ಜನವರಿ ಒಂದು, ಸಾವಿರದ ಒಂಬೈನೂರ ಐವತ್ತೈದು ಎಂಬುದು ಮೂರು ಮನೆಯಲ್ಲಿ ಇತ್ತು.

ಊರಿನಲ್ಲಿ ಇದರಿಂದ ಯಾರಿಗೂ ಒಂದು ದಿನವೂ ತೊಂದರೆಯಾಗಿರಲಿಲ್ಲ. ಹಿರಿಯಳು ದೊಡ್ಡ ಬೊಮ್ಮಿ. ಬಾವಿಯ ಪಕ್ಕದ ಮನೆಯವಳು ಬಾವಿ ಬೊಮ್ಮಿ. ಹರಿವೆ, ಬಸಳೆ ಬೆಳೆದು ಮಾರುವವಳು ಸೊಪ್ಪಿನ ಬೊಮ್ಮಿ. ಈ ಕತೆ ಸೊಪ್ಪಿನ ಬೊಮ್ಮಿಯದು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿದ್ದರೂ ಯಾರ ಮೇಲೂ ಭಾರ ಹಾಕದವಳು. ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು, ಬಾಳೆಗುಳಿಯಲ್ಲಿ ಆ ಅಗಲದ ಹೆದ್ದಾರಿ ದಾಟಿ, ಟೆಂಪೋ ಹಿಡಿದು ಅಂಕೋಲೆ ಪೇಟೆಗೆ ಹೋಗಿ ಕೂರುವವಳು. ಎರಡು ವರ್ಷದಿಂದ ಅವಳ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಹೆದ್ದಾರಿ ಹೇಗೆ ದಾಟುತ್ತೀ ಎಂದು ನಾನು ಕೇಳಿದರೆ, ಸಪ್ಪಳ ಕೇಳಿ ದಾಟುತ್ತೇನೆ ಎನ್ನುತ್ತಿದ್ದಳು. ಈಗಿನ ಹೊಸ ಕಾರುಗಳಿಗೆ ಸಪ್ಪಳವೂ ಇಲ್ಲ ಎಂಬುದನ್ನು ನಾನು ಅವಳಿಗೆ ಹೇಳಲು ಹೋಗಲಿಲ್ಲ.

ಅಷ್ಟರಲ್ಲಿ 'ಎಲ್ಲ ಒಂದೇ' ಬಂತು.

ಅದೊಂದು ಯೋಜನೆಯ ಹೆಸರು. ಆಸ್ಪತ್ರೆಯದು ಒಂದು ಪುಸ್ತಕ, ಪಿಂಚಣಿಯದು ಇನ್ನೊಂದು, ಅಂಗನವಾಡಿಯದು ಮತ್ತೊಂದು, ರೇಶನ್ನಿನದು ಮಗದೊಂದು ಹೀಗೆ ಬಡವರು ನಾಲ್ಕು ಬಾಗಿಲು ತಟ್ಟುವುದು ತಪ್ಪಬೇಕು, ಎಲ್ಲವೂ ಒಂದೇ ಕಡತದಲ್ಲಿ ಇರಬೇಕು ಎನ್ನುವುದು ಅದರ ಉದ್ದೇಶ. ಉದ್ದೇಶದಲ್ಲಿ ತಪ್ಪು ಹುಡುಕುವಷ್ಟು ಕೆಟ್ಟವಳು ನಾನಲ್ಲ. ಹದಿನಾರು ವರ್ಷ ಆ ನಾಲ್ಕು ಬಾಗಿಲನ್ನು ಅವರ ಜೊತೆ ನಾನೂ ತಟ್ಟಿದವಳು. ಕಾರವಾರದ ಒಂದು ಹಾಲಿನಲ್ಲಿ ನಮಗೆ ಎರಡು ದಿನ ತರಬೇತಿ ಕೊಟ್ಟರು. ಪರದೆಯ ಮೇಲೆ ನಾಲ್ಕು ದುಂಡು ವೃತ್ತ, ಅವುಗಳ ನಡುವೆ ಬಾಣಗಳು, ಮಧ್ಯದಲ್ಲಿ ನಗುತ್ತಿರುವ ಒಬ್ಬ ಮುದುಕಿ. ಯೋಜನೆಯ ಜಿಲ್ಲಾ ಸಂಯೋಜಕರು ಗಜಾನನ ಹೆಗಡೆಯವರು, ಘಟ್ಟದ ಮೇಲಿನ ಕಡೆಯವರು, ಮೃದು ಮಾತಿನ ಮನುಷ್ಯ, ದಪ್ಪ ಕನ್ನಡಕ. ಇನ್ನು ಮುಂದೆ ರೋಗಿ ಸೇವೆಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಸೇವೆಯೇ ರೋಗಿಯನ್ನು ಹುಡುಕಿಕೊಂಡು ಬರುತ್ತದೆ ಎಂದರು. ನಾವೆಲ್ಲ ಚಪ್ಪಾಳೆ ತಟ್ಟಿ ಉಪ್ಪಿಟ್ಟು ತಿಂದು ಬಂದೆವು. ಸೇವೆಯ ಪರವಾಗಿ ಹುಡುಕಿಕೊಂಡು ಹೋಗಬೇಕಾದವಳು ನಾನೇ ಎಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಆಗಸ್ಟ್ ತಿಂಗಳಲ್ಲಿ ಒಂದು ಫೋನು ಬಂತು. ನಾನು ದೊಡ್ಡ ಬೊಮ್ಮಿಯ ಅಂಗಳದಲ್ಲಿ ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದೆ. ಉಳಿದ ಇಬ್ಬರು ಬೊಮ್ಮಿಯರೂ ಅಲ್ಲೇ ಕೂತಿದ್ದರು. ಇಲ್ಲಿ ಒಂದು ಮಾತು ಹೇಳಬೇಕು. ಆ ವರ್ಷ ಒಂದು ಹಲಸಿನ ಮರದ ದೆಸೆಯಿಂದ ಈ ಮೂವರಲ್ಲಿ ಜಗಳವಾಗಿ, ಎರಡು ತಿಂಗಳು ಮಾತು ಬಿಟ್ಟು, ಮೂರು ಮನೆಯೂ ಬೇರೆಯಾಯಿತಂತೆ ಎಂದು ಊರೆಲ್ಲ ಆಡಿಕೊಂಡು, ಮತ್ತೆ ಒಂದಾಗಿ ಒಂದು ವಾರವಷ್ಟೇ ಆಗಿತ್ತು. ಫೋನಿನಲ್ಲಿ ಒಬ್ಬ ಹುಡುಗಿ, 'ಎಲ್ಲ ಒಂದೇ'ಯ ಕಡೆಯಿಂದ. ಬೊಮ್ಮಿ ರಾಮಾ ಗೌಡ ಎಂದು ಮೂರು ಸಲ ಬಂದಿದೆ, ಮೂರೂ ಒಂದೇಯಾ ಎಂದು ಕೇಳಿದಳು. ನನಗೆ ಕೈಯಲ್ಲಿ ರಬ್ಬರು ಬುಡ್ಡೆ, ಕಿವಿಯಲ್ಲಿ ನಳಿಕೆ, ಸ್ಪೀಕರಿನಲ್ಲಿ ಫೋನು. ಅರ್ಧ ಕೇಳಿ, ನೀವು ಮೂರೂ ಜನ ಒಂದೇಯಾ ಅಂತ ಕೇಳ್ತಾರೆ ನೋಡಿ ಎಂದು ಅವರಿಗೇ ಹೇಳಿಬಿಟ್ಟೆ.

ದೊಡ್ಡ ಬೊಮ್ಮಿಯ ಬಿಪಿ ಅಲ್ಲೇ ಏರಿತು.

"ಯಾರ್ ಹೇಳ್ದವ್ರು ನಾವು ಬೇರೆ ಆದ್ವು ಅಂತ? ನಾವು ಮೂರೂ ಜನ ಒಂದೇಯಾ. ಸಾಯೂ ತನಕ ಒಂದೇ ಅಂತ ಬರ್ಕೊಳ್ಳುಕೆ ಹೇಳು."

ಬಾವಿ ಬೊಮ್ಮಿ ಹೌದು ಎಂದಳು. ಸೊಪ್ಪಿನ ಬೊಮ್ಮಿಯೂ ಹೌದು ಎಂದಳು. ಹುಡುಗಿ ಸರಿ ಮೇಡಂ ಎಂದಳು. ನನ್ನ ಫೋನಿಗೆ ಒಂದು ಪ್ರಶ್ನೆ ಬಂತು, ಕೆಳಗೆ 'ಹೌದು', 'ಅಲ್ಲ' ಎಂದು ಎರಡು ಗುಂಡಿ. ನಾನು 'ಹೌದು' ಒತ್ತಿ ಮತ್ತೆ ಬಿಪಿ ನೋಡಿದೆ, ನೂರ ಅರವತ್ತು ಇತ್ತು. ಆಮೇಲೆ ಎಷ್ಟೋ ಜನ ಕಂಪ್ಯೂಟರಿನ ತಪ್ಪು ಎಂದು ನನಗೆ ಸಮಾಧಾನ ಹೇಳಿದರು. ಕಂಪ್ಯೂಟರು ಕೇಳಿತ್ತು. ಒತ್ತಿದ್ದು ನನ್ನ ಬೆರಳು.

ಅಕ್ಟೋಬರಿನಲ್ಲಿ ಕೊಪ್ಪಕ್ಕೆ ಹೊಸ ಕಾರ್ಡುಗಳು ಬಂದವು. ಮೂವರು ಬೊಮ್ಮಿಯರಿಗೂ ಸೇರಿ ಒಂದೇ ಕಾರ್ಡು, ಅದರ ಮೇಲೆ ಬಾವಿ ಬೊಮ್ಮಿಯ ಫೋಟೋ. ಫೋನಿನಲ್ಲಿ ಕಡತ ತೆರೆದು ಓದಿ ಹೇಳಿದೆ. ಗಂಡ ಮೃತ. ಗಂಡ ಜೀವಂತ, ಬೀಡಿ ಸೇದುತ್ತಾರೆ. ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಕಾಯಿಲೆ ಇಲ್ಲ. ಹೆರಿಗೆ ಹದಿನಾಲ್ಕು. ಮೂವರೂ ಹೊಟ್ಟೆ ಹಿಡಿದು ನಕ್ಕರು. ನಿನ್ನ ಗಂಡ ಸತ್ತ ಮೇಲೂ ಬೀಡಿ ಬಿಡಲಿಲ್ಲವಲ್ಲೇ ಎಂದು ಬಾವಿ ಬೊಮ್ಮಿಯನ್ನು ಉಳಿದವರು ಗೋಳು ಹೊಯ್ದುಕೊಂಡರು. ನಾನೂ ನಕ್ಕೆ. ಕೊನೆಯ ಎರಡು ಸಾಲು ಓದಿದಾಗಲೂ ನಗುತ್ತಲೇ ಇದ್ದೆ: ಬಲಗಣ್ಣು, ಪೊರೆಯ ಆಪರೇಶನ್ ಆಗಿದೆ. ಎಡಗಣ್ಣು, ಪೊರೆಯ ಆಪರೇಶನ್ ಆಗಿದೆ.

ಬಲಗಣ್ಣು ದೊಡ್ಡ ಬೊಮ್ಮಿಯದು, ಐದು ವರ್ಷದ ಹಿಂದಿನದು. ಎಡಗಣ್ಣು ಬಾವಿ ಬೊಮ್ಮಿಯದು, ಹೋದ ವರ್ಷದ್ದು. ಸೊಪ್ಪಿನ ಬೊಮ್ಮಿಯದು ಯಾವುದೂ ಆಗಿರಲಿಲ್ಲ.

ನವೆಂಬರಿನಲ್ಲಿ ಅಂಕೋಲೆಯಲ್ಲಿ ಕಣ್ಣಿನ ಶಿಬಿರವಾಯಿತು. ಸೊಪ್ಪಿನ ಬೊಮ್ಮಿಯನ್ನು ನಾನೇ ಕರೆದುಕೊಂಡು ಹೋದೆ. ಕಣ್ಣು ಪರೀಕ್ಷೆ ಮಾಡುವ ಸತೀಶ ನನಗೆ ಹಳೇ ಪರಿಚಯ. ಬ್ಯಾಟರಿ ಬಿಟ್ಟು ನೋಡಿ, ಎರಡೂ ಪೊರೆ ಬಲಿತಿದೆ, ಎಡದ್ದು ತೀರಾ ಹಣ್ಣಾಗುತ್ತ ಬಂದಿದೆ, ತಡ ಮಾಡಬಾರದು ಎಂದ. ಆಮೇಲೆ ಟ್ಯಾಬಿನಲ್ಲಿ ಕಾರ್ಡಿನ ನಂಬರು ಒತ್ತಿದ. ಕೆಂಪು ಅಕ್ಷರ ಬಂತು. ಈ ಫಲಾನುಭವಿಯ ಎರಡೂ ಕಣ್ಣಿನ ಶಸ್ತ್ರಚಿಕಿತ್ಸೆ ಪೂರ್ಣಗೊಂಡಿದೆ. ಅವನು ಬೊಮ್ಮಿಯ ಕಣ್ಣನ್ನೊಮ್ಮೆ, ಕೈಯಲ್ಲಿದ್ದ ಆ ಟ್ಯಾಬನ್ನೊಮ್ಮೆ ನೋಡಿದ.

"ಪೊರೆ ನಂಗೆ ಕಾಣ್ತದೆ ವೈಜಕ್ಕಾ," ಎಂದ. "ಇದಕ್ಕೆ ಕಾಣೂದಿಲ್ಲ."

ಬೇರೆ ಆಸ್ಪತ್ರೆಗೆ ಹೋಗೋಣವೆಂದರೆ ಎಲ್ಲ ಕಡೆಯೂ ಈಗ ಅದೇ ಕಡತ, ಎಲ್ಲವೂ ಒಂದೇ ಅಲ್ಲವೇ. ದುಡ್ಡು ಕೊಟ್ಟು ಮಾಡಿಸುವ ಜಾಗಗಳಿವೆ, ಹರಿವೆ ಸೊಪ್ಪು ಮಾರುವವಳಿಗಲ್ಲ. ಮೊದಲಿನ ನಾಲ್ಕು ಬಾಗಿಲ ಕಾಲವೇ ವಾಸಿಯಿತ್ತು ಎಂದು ಆ ದಿನ ಮೊದಲ ಸಲ ನನಗೆ ಅನ್ನಿಸಿತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಇರುತ್ತಿತ್ತು.

ಮಾರನೇ ವಾರ ನಾನು ಕಾರವಾರಕ್ಕೆ ಹೋದೆ. 'ಎಲ್ಲ ಒಂದೇ' ಕಚೇರಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿದೆ. ಅಲ್ಲಿ ಕಂಪ್ಯೂಟರಿನ ಮುಂದೆ ದೀಕ್ಷಾ ಎಂಬ ಹುಡುಗಿ. ಚೆಂಡಿಯಾ ಊರಿನವಳು, ಜಾಗ ನೌಕಾನೆಲೆಗೆ ಬಿಟ್ಟುಕೊಟ್ಟು ಬೇರೆ ಕಡೆ ಮನೆ ಕಟ್ಟಿಕೊಂಡವರ ಮನೆಯವಳು. ಕಾಗದದಲ್ಲಿ ಒಂದು ಅಕ್ಷರ ಆಚೀಚೆಯಾದರೆ ಏನಾಗುತ್ತದೆ ಎಂಬ ಮಾತನ್ನು ಮನೆಯಲ್ಲಿ ಊಟದ ಜೊತೆ ಕೇಳಿ ಬೆಳೆದವಳು. ಹಾಗಾಗಿ ನನ್ನ ಮಾತು ಅವಳಿಗೆ ಥಟ್ಟನೆ ತಲೆಗೆ ಹೋಯಿತು. ಆದರೆ ಅವಳ ಕೈಯಲ್ಲೂ ಏನೂ ಇರಲಿಲ್ಲ.

"ಬಾಯೀ, ಕೂಡ್ಸುಕೆ ಬಟನ್ ಅದೆ," ಎಂದಳು. "ಬಿಡ್ಸುಕೆ ಕೊಡ್ಲಿಲ್ಲ."

ಯೋಜನೆ ಇರುವುದೇ ಕೂಡಿಸುವುದಕ್ಕೆ, ಬಿಡಿಸುವ ಸಂದರ್ಭ ಬರುತ್ತದೆಂದು ಮಾಡಿದವರಿಗೆ ಹೊಳೆದಿರಲಿಲ್ಲವಂತೆ. ಕಾಗದದ ಮೇಲೆ ಅರ್ಜಿ ಕೊಡಬಹುದು. ಅರ್ಜಿದಾರಳು ಬೇರೆ ವ್ಯಕ್ತಿ ಎಂದು ಅವಳನ್ನು ಚೆನ್ನಾಗಿ ಬಲ್ಲ, ಅದೇ ಊರಿನ, ಅದೇ ವಯಸ್ಸಿನ ಇಬ್ಬರು ಸಾಕ್ಷಿ ಹಾಕಬೇಕು. ಸೊಪ್ಪಿನ ಬೊಮ್ಮಿಯನ್ನು ಚೆನ್ನಾಗಿ ಬಲ್ಲ ಅದೇ ವಯಸ್ಸಿನ ಇಬ್ಬರು ಯಾರು? ದೊಡ್ಡ ಬೊಮ್ಮಿ, ಬಾವಿ ಬೊಮ್ಮಿ. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಹದಿನೈದು ದಿನಕ್ಕೆ ಅರ್ಜಿ ತಿರುಗಿ ಬಂತು: ಅರ್ಜಿದಾರರು ತಮಗೆ ತಾವೇ ಸಾಕ್ಷಿ ಹಾಕುವಂತಿಲ್ಲ.

ಅದನ್ನು ಓದಿ ಹೇಳಿದಾಗ ಈ ಸಲ ಕೊಪ್ಪದಲ್ಲಿ ಯಾರೂ ನಗಲಿಲ್ಲ. ಬೇರೆ ಇಬ್ಬರಿಂದ ಸಾಕ್ಷಿ ಹಾಕಿಸಿ ಮತ್ತೆ ಕೊಟ್ಟೆ. ಅದು ಸಾಹೇಬರ ಮೇಜಿಗೆ ಹೋಯಿತು, ಹೋದದ್ದು ಅಲ್ಲೇ ಕೂತಿತು. ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಇನ್ನು ಕಾಗದದಿಂದ ಆಗುವುದಿಲ್ಲ, ಕಣ್ಣನ್ನೇ ತೋರಿಸುತ್ತೇನೆ ಎಂದು ಸೊಪ್ಪಿನ ಬೊಮ್ಮಿಯನ್ನು ಬಸ್ಸು ಹತ್ತಿಸಿದೆ. ಕಿಟಕಿಯ ಬದಿಗೆ ಕೂರಿಸಿದ್ದೆ. ಸಮುದ್ರ ಬಂತಾ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಅದು ಕಿಟಕಿಯಾಚೆಗೇ ಇತ್ತು. ಎಡಗಣ್ಣು ಕೆಂಪಾಗಿ ನೀರು ಸೋರುತ್ತಿತ್ತು. ನೋವುಂಟಾ ಎಂದು ಕೇಳಿದೆ. ಗಾಳಿಗೆ ಎಂದಳು. ನಾನು ಕಿಟಕಿ ಮುಚ್ಚಿದೆ.

ಹೆಗಡೆಯವರು ಎದ್ದು ನಿಂತು ಅವಳಿಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು. ಕೆಟ್ಟ ಮನುಷ್ಯನಲ್ಲ, ಅದೇ ದೊಡ್ಡ ಕಷ್ಟ. ಕೆಟ್ಟವರಾಗಿದ್ದರೆ ಅಲ್ಲೇ ನಾಲ್ಕು ಮಾತಾಡಿ ಹಗುರಾಗಿ ಬರುತ್ತಿದ್ದೆ. ಹೆಸರು ಕೇಳಿದ ಕೂಡಲೇ ಅವರ ಮುಖ ಅರಳಿತು. ಓ, ಬೊಮ್ಮಿ ರಾಮಾ ಗೌಡ ನೀವೇಯಾ ಎಂದರು. ಗೋಡೆಯ ಮೇಲೆ ಒಂದು ಚಾರ್ಟು ಇತ್ತು, ಅದರ ತುದಿಯಲ್ಲಿ ನಮ್ಮ ಬೊಮ್ಮಿ. ಆರು ತಿಂಗಳಲ್ಲಿ ಹನ್ನೊಂದು ಸೇವೆ ಪಡೆದ ಫಲಾನುಭವಿ ಜಿಲ್ಲೆಯಲ್ಲಿ ಅವಳೊಬ್ಬಳೇ. ಆರೋಗ್ಯ ಮತ್ತು ಆಸರೆಯ ಸೇವೆಗಳು ಒಬ್ಬ ಬಡ ಹೆಂಗಸಿನಲ್ಲಿ ಹೇಗೆ ಒಂದುಗೂಡುತ್ತವೆ ಎಂದು ತೋರಿಸಲು ಬೆಂಗಳೂರಿಗೆ ಕಳಿಸಿದ ವರದಿಯಲ್ಲಿ ಅವಳದೇ ಉದಾಹರಣೆಯಂತೆ. ಒಂದುಗೂಡಿದ್ದು ಸೇವೆಯಲ್ಲ ಸರ್, ಹೆಂಗಸರು ಎಂದು ನಾನು ಹೇಳಿದೆ. ವಿಷಯವೆಲ್ಲ ಬಿಡಿಸಿ ಹೇಳಿದೆ.

ಅವರು ಚಾರ್ಟಿನ ಕಡೆ ತಿರುಗಿದರು. ಅವರಿಗೆ ಅರ್ಥವಾಗಲಿಲ್ಲ ಎಂದು ನಾನು ಹೇಳಲಾರೆ. ಮಾರ್ಚ್ ಕೊನೆಗೆ ಪರಿಶೀಲನೆ ಇದೆ, ಆ ತನಕ ಈ ಸಂಖ್ಯೆ ಕದಲಿಸುವಂತಿಲ್ಲ, ಯೋಜನೆಯೇ ನಿಂತುಹೋದರೆ ಸಾವಿರಾರು ಜನರಿಗೆ ನಷ್ಟ, ಒಬ್ಬರಿಗಾಗಿ ಸಾವಿರ ಜನರನ್ನು ಬಿಡಲಾಗುತ್ತದೆಯೇ ಎಂದು ನನ್ನನ್ನೇ ಕೇಳಿದರು. ಈಗಲೂ ರಾತ್ರಿ ಪಾತ್ರೆ ತೊಳೆಯುವಾಗ ಅದಕ್ಕೆ ಒಂದೊಂದು ಉತ್ತರ ಹೊಳೆಯುತ್ತದೆ.

"ಏಪ್ರಿಲ್ ಒಂದಕ್ಕೆ ನಾನೇ ಕೂತು ಬಿಡಿಸಿಕೊಡುತ್ತೇನೆ ಅಮ್ಮಾ," ಎಂದು ಬೊಮ್ಮಿಗೆ ಹೇಳಿದರು. "ಎರಡೂವರೆ ತಿಂಗಳು. ಅಲ್ಲಿಯ ತನಕ ತಡೆದುಕೊಳ್ಳಿ. ಅಷ್ಟಕ್ಕೂ ನೀವು ಮೂವರು ಒಂದೇ ಎಂದು ಹೇಳಿದ್ದು ನೀವೇ ಅಲ್ಲವಾ?"

ಬೊಮ್ಮಿ ಚಹಾದ ಲೋಟವನ್ನು ಮೇಜಿನ ಮೇಲೆ ಇಡಲು ಹೋದಳು. ಮೇಜಿನ ಅಂಚು ಎಲ್ಲಿದೆ ಎಂದು ಮೊದಲು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಇಟ್ಟಳು.

"ಹೌದು ಒಡೆಯಾ. ನಾವು ಮೂರೂ ಜನ ಒಂದೇಯಾ. ಅದ್ರಲ್ಲಿ ಸುಳ್ಳಿಲ್ಲ," ಎಂದಳು. "ಆದ್ರೆ ಕಣ್ಣು ಬೇರೆ ಬೇರೆ ಅದೆ."

ಹೆಗಡೆಯವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು ಎಂದೇ ನನಗೆ ಅನ್ನಿಸಿತು. ಆಮೇಲೆ ಒಂದು ಚೀಟಿ ಎಳೆದುಕೊಂಡು ಏನೋ ಬರೆದುಕೊಂಡರು. ಎಷ್ಟು ಚೆಂದ ಹೇಳಿದಿರಿ, ಇದನ್ನು ವರದಿಗೆ ಹಾಕಿಕೊಳ್ಳಬಹುದಾ ಎಂದು ಕೇಳಿದರು. ಮಾರ್ಚಿನಲ್ಲಿ ಆ ವರದಿ ಅಚ್ಚಾಗಿ ನಮಗೂ ಒಂದೊಂದು ಪ್ರತಿ ಬಂತು. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿದೆ: 'ನಾವು ಮೂರೂ ಜನ ಒಂದೇ. — ಬೊಮ್ಮಿ ರಾಮಾ ಗೌಡ, ಫಲಾನುಭವಿ.' ಅಲ್ಲಿಗೆ ನಿಲ್ಲಿಸಿದ್ದಾರೆ.

ಮೆಟ್ಟಿಲಿಳಿಯುವಾಗ ದೀಕ್ಷಾ ಹಿಂದಿನಿಂದ ಬಂದು ನನ್ನ ಫೋನ್ ನಂಬರು ತೆಗೆದುಕೊಂಡಳು. ಒಂದು ತಿಂಗಳು ಅವಳ ಸುದ್ದಿಯಿಲ್ಲ. ಆ ತಿಂಗಳಲ್ಲಿ ಬೊಮ್ಮಿ ಪೇಟೆಗೆ ಹೋಗುವುದನ್ನು ಬಿಟ್ಟಳು. ಹೆದ್ದಾರಿಯ ನಡುವೆ ಅವಳನ್ನು ಒಂದು ಲಾರಿ ಸವರಿಕೊಂಡು ಹೋಗಿ, ಬುಟ್ಟಿ ಬಿದ್ದು, ಹರಿವೆ ಕಟ್ಟುಗಳೆಲ್ಲ ಚಕ್ರದಡಿ ಸಿಕ್ಕಿದ್ದವು. ಅವಳು ಮನೆಯಲ್ಲಿ ಕೂತಿದ್ದನ್ನು ಆ ಕೊಪ್ಪದಲ್ಲಿ ಯಾರೂ ಅಲ್ಲಿಯ ತನಕ ನೋಡಿರಲಿಲ್ಲ. ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಬೆಳಕು ಚುಚ್ಚುತ್ತದೆ ಎನ್ನುತ್ತಿದ್ದಳು. ಅದನ್ನು ಕೇಳಿದಾಗಲಾದರೂ ನನಗೆ ಗೊತ್ತಾಗಬೇಕಿತ್ತು. ಹದಿನಾರು ವರ್ಷದ ಆಶಾ ನಾನು.

ಫೆಬ್ರವರಿ ಕೊನೆಗೆ ದೀಕ್ಷಾಳ ಫೋನು ಬಂತು. ಆಪರೇಶನ್ನಿನ ಅರ್ಜಿ ತೆರೆದರೆ ಬೊಮ್ಮಿಯ ಹೆಸರಿನಲ್ಲಿ ಎಡಗಣ್ಣಿನ ಗುಂಡಿ ಬಂದ್, ಬಲಗಣ್ಣಿನ ಗುಂಡಿ ಬಂದ್, ಅದು ನನಗೂ ಗೊತ್ತಿತ್ತು.

"ಕೆಳಗೆ 'ಇತರೆ' ಅಂತ ಒಂದು ಅದೆ ನೋಡಿ ಬಾಯೀ," ಎಂದಳು. "ಅದನ್ನ ಯಾರೂ ಬಂದ್ ಮಾಡ್ಲಿಲ್ಲ."

ಆ ಅರ್ಜಿ ಮಾಡಿದವರು ಯಾವುದೋ ಹಳೇ ನಮೂನೆಯಿಂದ ಎತ್ತಿ ಹಾಕಿರಬೇಕು. ಎಡ, ಬಲ, ಇತರೆ. ಇತರೆ ಒತ್ತಿದರೆ ವಿವರ ಬರೆಯಿರಿ ಎಂದು ಒಂದು ಖಾಲಿ ಜಾಗ. ನಾನು ಬೊಮ್ಮಿಯ ಜಗಲಿಯಲ್ಲೇ ಕೂತಿದ್ದೆ. ಅವಳು ಗೋಡೆ ಕಡೆ ತಿರುಗಿದ್ದಳು. ಹಲ್ಲು ಕಚ್ಚಿ ಬರೆದೆ: ಮೂರನೇ ಕಣ್ಣು. ಯಾರಾದರೂ ಓದಿ, ಇದೇನು ಹುಚ್ಚು ಎಂದು ಬೈಯಲಿ, ಬೈಯುವುದಕ್ಕಾದರೂ ಒಬ್ಬ ಮನುಷ್ಯ ಫೋನು ಮಾಡಲಿ ಎಂಬುದಷ್ಟೇ ನನ್ನ ಆಸೆ. ಮನುಷ್ಯರು ಯಾರೂ ಓದಲಿಲ್ಲ. ಎರಡು ಕಣ್ಣು ಆದವರಿಗೆ ಮತ್ತೆ ಆ ಕಣ್ಣು ಮಾಡಬಾರದು ಎಂಬ ನಿಯಮವಿತ್ತು, ಮೂರನೆಯದನ್ನು ಮಾಡಬಾರದು ಎಂಬ ನಿಯಮ ಎಲ್ಲೂ ಇರಲಿಲ್ಲ. ಮಾರ್ಚ್ ಆರಕ್ಕೆ ಸಂದೇಶ ಬಂತು. ಬೊಮ್ಮಿ ರಾಮಾ ಗೌಡ, ಮೂರನೇ ಕಣ್ಣು, ಮಂಜೂರು. ಊರ ದೇವರಿಗೆ ಕಾಯಿ ಒಡೆಯಬೇಕೋ, ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಆಸ್ಪತ್ರೆಗೆ ಮೂವರು ಬೊಮ್ಮಿಯರೂ ಬಂದರು. ಉಳಿದ ಇಬ್ಬರು ಬರುವುದು ಬೇಡ ಎಂದು ನಾನು ಹೇಳಿದರೂ ಕೇಳಲಿಲ್ಲ. ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಂಜೂರಾತಿ ಕಾಗದ ಓದಿ ನನ್ನ ಮುಖ ನೋಡಿದರು. ಮತ್ತೊಮ್ಮೆ ಓದಿದರು. ಇನ್ನೊಂದು ಮಾತು ಕೇಳಿದರೆ ಎಲ್ಲ ಬಾಯಿಬಿಟ್ಟು ಅತ್ತುಬಿಡುತ್ತಿದ್ದೆ. ಅವರು ಕೇಳಿದ್ದು ನನ್ನನ್ನಲ್ಲ, ಬೊಮ್ಮಿಯನ್ನು. ಆಪರೇಶನ್ನಿಗೆ ಮೊದಲು ಯಾವ ಕಣ್ಣು ಎಂದು ಹಣೆಯ ಮೇಲೆ ಶಾಯಿಯಿಂದ ಗುರುತು ಹಾಕಬೇಕಂತೆ. ಇದರಲ್ಲಿ ಮೂರನೇ ಕಣ್ಣು ಅಂತಿದೆಯಲ್ಲ ಅಮ್ಮಾ, ಅದು ಯಾವುದು ಎಂದು ನಗು ತಡೆದುಕೊಂಡು ಕೇಳಿದರು.

ಬೊಮ್ಮಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ಪಕ್ಕದಲ್ಲಿ ಕೂತ ಇಬ್ಬರನ್ನೂ ಕೈಯಿಂದ ಮುಟ್ಟಿ ಮುಟ್ಟಿ ಲೆಕ್ಕ ಹೇಳಿದಳು.

"ದೊಡ್ಡವಳದು ಒಂದು ಆತು. ಬಾವಿಯವಳದು ಎರಡು ಆತು. ಇದು ನಂದು, ಮೂರನೇದು," ಎಂದು ತನ್ನ ಬಲಗಣ್ಣಿನ ಮೇಲೆ ಬೆರಳಿಟ್ಟಳು.

ಡಾಕ್ಟರ ಮುಖದ ನಗು ಹೋಯಿತು. ಏನೂ ಕೇಳದೆ ಬಲಹುಬ್ಬಿನ ಮೇಲೆ ಗುರುತು ಹಾಕಿ, ಕಾಗದಕ್ಕೆ ರುಜು ಮಾಡಿದರು. ನಾಲ್ಕು ತಿಂಗಳಲ್ಲಿ ಆ ಕಡತವನ್ನು ಸರಿಯಾಗಿ ಓದಿದವರು ಅವರಿಬ್ಬರೇ, ಅದರಲ್ಲಿ ಒಬ್ಬಳಿಗೆ ಓದಲು ಬರುವುದಿಲ್ಲ.

ಆಮೇಲೆ ಎಡಗಣ್ಣು ನೋಡಿದರು. ತುಂಬ ಹೊತ್ತು ನೋಡಿದರು. ನನ್ನನ್ನು ಬದಿಗೆ ಕರೆದು, ಯಾವಾಗಿನಿಂದ ಕೆಂಪಾಗಿತ್ತು ಎಂದು ಕೇಳಿದರು. ಜನವರಿ ಎಂದೆ. ಪೊರೆ ಹಣ್ಣಾಗಿ ಒಳಗೆ ಒಡೆದು, ಒತ್ತಡವೇರಿ ನರ ಸತ್ತಿದೆ, ಇನ್ನು ಅದಕ್ಕೆ ಮಾಡುವಂಥದ್ದು ಏನಿಲ್ಲ ಎಂದರು. ಆಗ ಸಿಕ್ಕಾಪಟ್ಟೆ ನೋವಿರುತ್ತದೆ, ಅವರು ಹೇಳಲಿಲ್ಲವಾ ಎಂದು ಕೇಳಿದರು. ಗಾಳಿಗೆ ಎಂದಿದ್ದಳು. ನಾನು ಕಿಟಕಿ ಮುಚ್ಚಿದ್ದೆ.

ಸಂಜೆ ಅವಳ ಮಂಚದ ಪಕ್ಕ ಕೂತು ಕೇಳಿದೆ, ಅಷ್ಟು ನೋವು ಯಾಕೆ ಮುಚ್ಚಿಟ್ಟೆ ಎಂದು.

"ನೀನು ಆಗ್ಲೇ ನಾಕು ಸಲ ಕಾರವಾರ ತಿರ್ಗಿದ್ದೆ ತಂಗೀ," ಎಂದಳು. "ನಾ ನೋವು ಅಂದ್ರೆ ನೀನು ಐದನೇ ಸಲ ಹೋತಿದ್ದೆ. ನಿಂಗೂ ಮನೆ ಮಕ್ಕಳು ಅದೆ."

ನಾನು ಹೊರಗೆ ಹೋಗಿ ನಳದ ಹತ್ತಿರ ನಿಂತು ಅತ್ತೆ. ಆ ಅಂಗಳದಲ್ಲಿ ಆ ದಿನ 'ಅಲ್ಲ' ಒತ್ತಿದ್ದರೆ ಅವಳ ಎಡಗಣ್ಣು ಇರುತ್ತಿತ್ತು. ಇದರಲ್ಲಿ ಹೆಗಡೆಯವರ ಪಾಲು ಎಷ್ಟು, ಹಲಸಿನ ಮರದ ಪಾಲು ಎಷ್ಟು ಎಂದು ಹಂಚಿ ನನ್ನದನ್ನು ಕಡಿಮೆ ಮಾಡಿಕೊಳ್ಳಲು ನೋಡಿದ್ದೇನೆ. ಕಡಿಮೆಯಾಗುವುದಿಲ್ಲ.

ಏಪ್ರಿಲ್ ಒಂದಕ್ಕೆ ಹೆಗಡೆಯವರು ಕೊಟ್ಟ ಮಾತಿನಂತೆ ಕೂತು ಬಿಡಿಸಿದರು. ಮನುಷ್ಯ ಮಾತಿಗೆ ತಪ್ಪುವವರಲ್ಲ. ಮೂವರಿಗೂ ಬೇರೆ ಬೇರೆ ಕಾರ್ಡು ಬಂತು. ಸೊಪ್ಪಿನ ಬೊಮ್ಮಿಯ ಕಡತದಲ್ಲಿ ಈಗ ಎಡಗಣ್ಣಿನ ಗುಂಡಿ ಹಸಿರಾಗಿ ತೆರೆದಿದೆ, ಯಾವಾಗ ಬೇಕಾದರೂ ಅರ್ಜಿ ಹಾಕಬಹುದು.

ಮೇ ತಿಂಗಳಿಂದ ಅವಳು ಮತ್ತೆ ಪೇಟೆಗೆ ಹೋಗುತ್ತಿದ್ದಾಳೆ. ಮೊನ್ನೆ ಬೆಳಿಗ್ಗೆ ಬಾಳೆಗುಳಿ ಕ್ರಾಸಿನಲ್ಲಿ ಟೆಂಪೋ ಕಾಯುತ್ತ ನಿಂತವಳು ಆಚೆ ಬದಿ ನೋಡಿದೆ. ಬುಟ್ಟಿ ಹೊತ್ತ ಅವಳ ಜೊತೆ ಬಾವಿ ಬೊಮ್ಮಿಯೂ ಇದ್ದಳು. ಹೆದ್ದಾರಿ ದಾಟುವಾಗ ಮೊದಲ ಅರ್ಧದಲ್ಲಿ ಗಾಡಿ ಬರುವುದು ಬಲದಿಂದ. ಅಲ್ಲಿ ಸೊಪ್ಪಿನ ಬೊಮ್ಮಿ ತನ್ನ ಕಣ್ಣಿನಿಂದ ನೋಡಿ, ಬಾವಿ ಬೊಮ್ಮಿಯ ಕೈ ಹಿಡಿದು ದಾಟಿಸಿದಳು. ನಡುವಿನ ಕಟ್ಟೆಯ ಮೇಲೆ ಇಬ್ಬರೂ ನಿಂತರು. ಅಲ್ಲಿಂದ ಮುಂದೆ ಗಾಡಿ ಬರುವುದು ಎಡದಿಂದ. ಬಾವಿ ಬೊಮ್ಮಿ ಸುತ್ತಿ ಬಂದು ಅವಳ ಎಡಕ್ಕೆ ನಿಂತು, ತನ್ನ ಎಡಗಣ್ಣಿನಿಂದ ನೋಡಿ, ಈಗ ಬಾ ಎಂದಳು. ಇಬ್ಬರೂ ಅವಸರವಿಲ್ಲದೆ ದಾಟಿ ಬಂದರು.

ದಿನಾ ಹೀಗೆಯಾ ಎಂದು ಕೇಳಿದೆ. ಬಾವಿಯವಳಿಗೆ ಸೌಖ್ಯವಿಲ್ಲದ ದಿನ ದೊಡ್ಡ ಬೊಮ್ಮಿ ಬರುತ್ತಾಳೆ ಎಂದಳು ಸೊಪ್ಪಿನ ಬೊಮ್ಮಿ. ಬುಟ್ಟಿಯಿಂದ ಒಂದು ಕಟ್ಟು ಹರಿವೆ ತೆಗೆದು ನನ್ನ ಚೀಲಕ್ಕೆ ತುರುಕಿದಳು. ಆ ಹೊತ್ತಿಗೆ ನನ್ನ ಫೋನು ಸದ್ದು ಮಾಡಿತು, 'ಎಲ್ಲ ಒಂದೇ'ಯ ಹೊಸ ಪ್ರಶ್ನೆ. ನಿಮ್ಮ ಊರಿನಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುವ ವ್ಯವಸ್ಥೆ ಇದೆಯೇ? ಹೌದು, ಅಲ್ಲ.

ನಾನು ಏನನ್ನೂ ಒತ್ತದೆ ಫೋನನ್ನು ಚೀಲಕ್ಕೆ ಹಾಕಿದೆ.